ಅಪಸ್ಮಾರವೂ ಔಷಧದ ಅಳತೆಯೂ



ಶಿವಮೊಗ್ಗೆ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ, ಆನವಟ್ಟಿಗೆ ಸಮೀಪವಾಗಿ, ಕುಬಟೂರೆಂಬ ಊರಿದೆ. ಸುಮಾರು 1100ರ ಕಾಲದ ಕೈಟಭೇಶ್ವರ ದೇವಾಲಯವನ್ನು ನೋಡಲು ಹೋದವರು ಅದನ್ನು ಬಲ್ಲರು. ಚಂದ್ರಹಾಸನ ಕಥೆಯಲ್ಲಿ ಬರುವ ಕುಂತಳನಗರವು ಇದೇ ಎಂಬುದು ಆ ಸೀಮೆಯ ಐತಿಹ್ಯ. ಲಕ್ಷ್ಮೀಶನ ಜೈಮಿನಿ ಭಾರತವನ್ನು ಓದಿದವರಿಗೂ, ಗಮಕಿಗಳ ಬಾಯಲ್ಲಿ ಅದನ್ನು ಕೇಳಿದವರಿಗೂ ಆ ಕಥೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಮಂತ್ರಿಯಾದ ದುಷ್ಟಬುದ್ಧಿಯು ಚಂದ್ರಹಾಸನ ಕೈಯಲ್ಲಿಯೇ ಪತ್ರವನ್ನು ಕೊಟ್ಟು ತನ್ನ ಮಗ ಮದನನ ಬಳಿಗೆ ಕಳುಹಿಸುತ್ತಾನೆ. ತಂದವನಿಗೆ ವಿಷವನ್ನು ಕೊಡಬೇಕೆಂಬುದು ಪತ್ರದ ಅಭಿಪ್ರಾಯ. ಮಂತ್ರಿಯ ಮಗಳು ಅದನ್ನು ಕಂಡು ಒಂದಕ್ಷರವನ್ನು ತಿದ್ದುತ್ತಾಳೆ. ‘ವಿಷ’ವೆಂಬುದು ‘ವಿಷಯೆ’ಯಾಗುತ್ತದೆ, ಸಾಯಬೇಕಾಗಿದ್ದ ತರುಣನು ಆ ಮನೆಯ ಅಳಿಯನಾಗುತ್ತಾನೆ.

ಈ ಹೊತ್ತು ನಾನು ಹೇಳಬೇಕೆಂದಿರುವುದು ಅಪಸ್ಮಾರವೆಂಬ ರೋಗದ ವಿಚಾರ. ವಿಶೇಷವಾಗಿ, ಆ ರೋಗಕ್ಕೆ ಕೊಡುವ ಔಷಧಗಳಿಂದ ಉಂಟಾಗುವ ತೊಂದರೆಗಳ ವಿಚಾರ. ಇದನ್ನು ಕುರಿತು ಯೋಚಿಸುವಾಗಲೆಲ್ಲ ನನಗೆ ಆ ಪತ್ರವು ನೆನಪಿಗೆ ಬರುತ್ತದೆ. ಏಕೆಂದರೆ ಈ ರೋಗದಲ್ಲಿ ಮದ್ದಿಗೂ ವಿಷಕ್ಕೂ ನಡುವಣ ಅಂತರವು ಕೆಲವೊಮ್ಮೆ ಒಂದಕ್ಷರದಷ್ಟೇ ಸಣ್ಣದು. ಅದನ್ನು ತಿದ್ದಬೇಕಾದವರು ವೈದ್ಯರು. ತಿದ್ದಬೇಕಾಗಿದೆ ಎಂದು ಬಾಯಿಬಿಟ್ಟು ಹೇಳಬೇಕಾದವನು ರೋಗಿ. ನಮ್ಮಲ್ಲಿ ಅನೇಕ ವೇಳೆ ಈ ಎರಡನೆಯ ಕೆಲಸವೇ ನಡೆಯುವುದಿಲ್ಲ.

ಮೊದಲು ರೋಗದ ಸ್ವರೂಪವನ್ನು ಅರಿತುಕೊಳ್ಳೋಣ. ಮೂರ್ಛೆರೋಗ, ಮಲರೋಗ, ಫಿಟ್ಸ್ ಎಂದು ಜನರು ಕರೆಯುವುದೆಲ್ಲ ಇದನ್ನೇ. ಚರಕಸಂಹಿತೆಯಲ್ಲಿ ಅಪಸ್ಮಾರಕ್ಕೆಂದೇ ಒಂದು ಚಿಕಿತ್ಸಾಧ್ಯಾಯವಿದೆ. ಸ್ಮೃತಿಯು ತಪ್ಪುವುದೆಂಬುದೇ ಆ ಹೆಸರಿನ ಅರ್ಥ. ನಮ್ಮ ಮಿದುಳಿನ ಕೋಶಗಳು ಅತಿ ಸೂಕ್ಷ್ಮವಾದ ವಿದ್ಯುತ್ಸಂಕೇತಗಳಿಂದ ಒಂದರೊಡನೊಂದು ಮಾತನಾಡುತ್ತವೆ. ಒಂದು ಗುಂಪಿನ ಕೋಶಗಳು ಕ್ರಮವನ್ನು ಮೀರಿ ಏಕಕಾಲದಲ್ಲಿ ಸಂಕೇತಗಳನ್ನು ಹೊರಸೂಸಿದರೆ ಸೆಳವು ಉಂಟಾಗುತ್ತದೆ. ಮಿದುಳಿನ ಎರಡು ಪಾರ್ಶ್ವಗಳನ್ನೂ ಅದು ವ್ಯಾಪಿಸಿದರೆ ಮನುಷ್ಯನು ನೆಲಕ್ಕೆ ಬಿದ್ದು, ಮೈ ಸೆಟೆದು, ಕೈಕಾಲುಗಳನ್ನು ಬಡಿಯುತ್ತಾನೆ. ಒಂದು ಭಾಗಕ್ಕೆ ಮಾತ್ರ ಸೀಮಿತವಾದರೆ ಕೈಯೊಂದೇ ಅದುರಬಹುದು. ಇಲ್ಲದ ವಾಸನೆ ಬಂದಂತಾಗಬಹುದು. ನಿಂತಲ್ಲಿಯೇ ಅರಿವಿಲ್ಲದೆ ತುಟಿಯಾಡಿಸುತ್ತಿರಬಹುದು. ಪಾಠ ಕೇಳುತ್ತಿರುವ ಮಗು ಕೆಲವು ಕ್ಷಣ ಮಾತ್ರ ದೃಷ್ಟಿ ನೆಟ್ಟು ಸ್ತಬ್ಧವಾಗುವುದೂ ಅಪಸ್ಮಾರದ ಒಂದು ರೂಪ. ಅಂಥ ಮಗುವಿಗೆ ‘ಗಮನವಿಲ್ಲದವನು’ ಎಂಬ ಬೈಗಳು ಸಿಕ್ಕುವುದುಂಟು, ಚಿಕಿತ್ಸೆ ಸಿಕ್ಕುವುದಿಲ್ಲ.

ಒಂದು ಸಲ ಸೆಳವು ಬಂದ ಮಾತ್ರಕ್ಕೆ ಅಪಸ್ಮಾರವೆನ್ನುವುದಿಲ್ಲ. ಜ್ವರದಿಂದಲೋ, ರಕ್ತದಲ್ಲಿ ಸಕ್ಕರೆ ಕುಸಿದುದರಿಂದಲೋ ಸೆಳವು ಬರಬಹುದು. ಅಂಥ ತಾತ್ಕಾಲಿಕ ಕಾರಣಗಳಿಲ್ಲದೆ, ಒಂದು ದಿನಕ್ಕಿಂತ ಹೆಚ್ಚಿನ ಅಂತರದಲ್ಲಿ ಎರಡು ಸಲ ಬಂದರೆ, ಅಥವಾ ಒಂದೇ ಸಲ ಬಂದರೂ ಮತ್ತೆ ಬರುವ ಸಂಭವ ಬಲವಾಗಿದೆಯೆಂದು ಪರೀಕ್ಷೆಗಳಿಂದ ತೋರಿದರೆ ಆಗ ವೈದ್ಯರು ಆ ಹೆಸರನ್ನಿಡುತ್ತಾರೆ. ಹೆರಿಗೆಯ ಕಾಲದ ಪೆಟ್ಟು, ತಲೆಗಾಯ, ಪಾರ್ಶ್ವವಾಯು, ಮಿದುಳುಜ್ವರ, ವಂಶಗುಣ ಇವೆಲ್ಲ ಕಾರಣಗಳಾಗಬಹುದು. ಲಾಡಿಹುಳುವಿನ ಮೊಟ್ಟೆಗಳು ಕೊಳಕು ನೀರು, ಹಸಿ ತರಕಾರಿ, ತೊಳೆಯದ ಕೈಗಳ ಮೂಲಕ ಒಳಸೇರಿ ಮಿದುಳಿನಲ್ಲಿ ಗಂಟುಗಳಾಗುವುದು ನಮ್ಮ ದೇಶದಲ್ಲಿ ಒಂದು ಮುಖ್ಯ ಕಾರಣ. ಶಾಕಾಹಾರಿಗಳೂ ಇದರಿಂದ ಮುಕ್ತರಲ್ಲ. ಎಷ್ಟೋ ಸಂದರ್ಭಗಳಲ್ಲಿ ಕಾರಣವೇ ತಿಳಿಯದು. ದೆವ್ವ, ಶಾಪ, ಪೂರ್ವಕರ್ಮ ಇವುಗಳನ್ನು ಮಾತ್ರ ಆ ಪಟ್ಟಿಯಲ್ಲಿ ಸೇರಿಸಬೇಕಾದುದಿಲ್ಲ.

ಇದು ಅಪರೂಪದ ರೋಗವೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಬೆಂಗಳೂರು ನಗರದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಒಂದು ಲಕ್ಷಕ್ಕಿಂತ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿ, 2004ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಸಾವಿರಕ್ಕೆ ಸುಮಾರು 9 ಮಂದಿಗೆ ಈ ರೋಗವಿತ್ತು. ಪೇಟೆಗಿಂತ ಹಳ್ಳಿಗಳಲ್ಲಿ ಅದರ ಪ್ರಮಾಣವು ಎರಡರಷ್ಟಿತ್ತು. ಅಂದರೆ ಸಾವಿರ ಜನರಿರುವ ಯಾವ ಊರಿನಲ್ಲಿಯೂ ಕೆಲವರಾದರೂ ಈ ರೋಗಿಗಳಿದ್ದಾರೆಂದು ಭಾವಿಸಬೇಕು. ಅವರು ನಮ್ಮ ಕಣ್ಣಿಗೆ ಬೀಳದಿರುವುದಕ್ಕೆ ಕಾರಣ, ಮನೆಯವರು ಅವರ ರೋಗವನ್ನು ಮರೆಮಾಡಿರುವುದು.

ಈ ಮರೆಮಾಡುವಿಕೆಯ ಫಲವೇನು? ಕುಬಟೂರಿನಂಥ ಊರಿನಲ್ಲಿ ಒಬ್ಬ ತರುಣಿಯಿದ್ದಾಳೆಂದು ಕಲ್ಪಿಸಿಕೊಳ್ಳೋಣ. ಹದಿನೇಳನೆಯ ವಯಸ್ಸಿನಲ್ಲಿ ಆಕೆಗೆ ಎರಡು ಸಲ ಸೆಳವು ಬಂದಿತು. ತಂದೆಯು ಶಿವಮೊಗ್ಗೆಗೆ ಕರೆದುಕೊಂಡು ಹೋಗಿ ತೋರಿಸಿದನು. ವೈದ್ಯರು ರೋಗದ ಹೆಸರನ್ನು ಹೇಳಿ ಗುಳಿಗೆಗಳನ್ನು ಕೊಟ್ಟರು. ಊರಿಗೆ ಬಂದಮೇಲೆ ಆ ಹೆಸರನ್ನು ಯಾರೂ ಎತ್ತಕೂಡದೆಂದು ಮನೆಯಲ್ಲಿ ನಿಶ್ಚಯವಾಯಿತು. ಗುಳಿಗೆಯ ಡಬ್ಬಿಯು ಅಕ್ಕಿಯ ಪೆಟ್ಟಿಗೆಯ ಹಿಂದೆ ಸೇರಿತು. ಸೆಳವು ನಿಂತಿತು; ಆದರೆ ಹುಡುಗಿಗೆ ಹಗಲೆಲ್ಲ ತೂಕಡಿಕೆ, ಓದಿದುದು ತಲೆಗೆ ಹತ್ತದು. ಇದನ್ನು ಹೇಳುವುದು ಯಾರಿಗೆ? ಪೇಟೆಯ ವೈದ್ಯರು ದೂರ, ನೆರೆಯವರಿಗೆ ತಿಳಿಯಕೂಡದು. ನಾಲ್ಕು ವರ್ಷಗಳಾದಮೇಲೆ ಮದುವೆ ನಿಶ್ಚಯವಾಯಿತು. ಗಂಡನ ಮನೆಗೆ ಡಬ್ಬಿಯನ್ನು ಒಯ್ಯುವುದು ಹೇಗೆ? ‘ಈಗ ವಾಸಿಯಾಗಿದೆಯಲ್ಲ’ ಎಂದು ತಾಯಿಯು ಗುಳಿಗೆಯನ್ನು ನಿಲ್ಲಿಸಿದಳು. ಮದುವೆಯ ಗಡಿಬಿಡಿ, ಎರಡು ರಾತ್ರಿ ನಿದ್ರೆಯಿಲ್ಲ, ಹೊತ್ತಿಗೆ ಊಟವಿಲ್ಲ. ಹೊಸ ಮನೆಗೆ ಕಾಲಿಟ್ಟ ವಾರದಲ್ಲಿಯೇ ಒಲೆಯ ಮುಂದೆ ಆಕೆ ಬಿದ್ದಳು. ಈ ತರುಣಿಯು ನಾನು ಕಲ್ಪಿಸಿದವಳು. ಆಕೆಯ ಸಂಕಟವು ಎಷ್ಟೋ ಮನೆಗಳದು.

ಇಲ್ಲಿ ತಪ್ಪು ಯಾರದು? ಔಷಧವು ತನ್ನ ಕೆಲಸವನ್ನು ಮಾಡಿತ್ತು. ಅದರ ಅಳತೆ ಆಕೆಗೆ ಒಪ್ಪಿರಲಿಲ್ಲ, ಅದನ್ನು ತಿದ್ದಬಹುದಾಗಿತ್ತು. ಮೌನದಿಂದ ತಿದ್ದುಪಡಿಗೆ ಅವಕಾಶ ತಪ್ಪಿತು. ಮೌನದಿಂದಲೇ ಔಷಧವೂ ನಿಂತಿತು.

ಈ ಔಷಧಗಳ ಚರಿತ್ರೆಯು ಬಹಳ ಹಳೆಯದಲ್ಲ. 1857ರಲ್ಲಿ ಇಂಗ್ಲೆಂಡಿನ ಲೊಕಾಕ್ ಎಂಬ ವೈದ್ಯನು ಬ್ರೋಮೈಡ್ ಲವಣದ ಉಪಯೋಗವನ್ನು ಹೇಳಿದನು. 1912ರಲ್ಲಿ ಜರ್ಮನಿಯ ಹಾಪ್ಟ್‌ಮನ್, ನಿದ್ರೆಯ ಔಷಧವಾಗಿದ್ದ ಫಿನೋಬಾರ್ಬಿಟಾಲ್ ಸೆಳವನ್ನೂ ತಡೆಯುವುದೆಂದು ಕಂಡನು. 1938ರಲ್ಲಿ ಅಮೆರಿಕದ ಮೆರಿಟ್ ಮತ್ತು ಪಟ್ನಂ ಎಂಬವರು, ಬೆಕ್ಕುಗಳ ಮೇಲೆ ಪರೀಕ್ಷಿಸಿ, ಅಷ್ಟಾಗಿ ನಿದ್ರೆಯನ್ನು ತರದೆಯೇ ಸೆಳವನ್ನು ತಡೆಯುವ ಫೆನಿಟಾಯಿನ್ ಎಂಬ ಔಷಧವನ್ನು ಬಳಕೆಗೆ ತಂದರು. ಆಮೇಲೆ ಕಾರ್ಬಮಜೆಪಿನ್, ವಾಲ್ಪ್ರೋಯೇಟ್, ಲಾಮೋಟ್ರಿಜಿನ್, ಲೆವಟಿರಾಸೆಟಂ ಮುಂತಾದುವು ಒಂದೊಂದಾಗಿ ಬಂದುವು. ಸರಿಯಾದ ಚಿಕಿತ್ಸೆ ದೊರೆತರೆ ನೂರು ರೋಗಿಗಳಲ್ಲಿ ಎಪ್ಪತ್ತು ಮಂದಿ ಸೆಳವಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಆದರೆ ಈ ಔಷಧಗಳಲ್ಲಿ ಹೆಚ್ಚಿನವು ಸೆಳವನ್ನು ಅಡಗಿಸಿಡುತ್ತವೆಯೇ ಹೊರತು ರೋಗದ ಬೇರನ್ನು ಕೀಳುವುದಿಲ್ಲ. ನಟರಾಜನ ವಿಗ್ರಹದಲ್ಲಿ ಪಾದದ ಕೆಳಗಿರುವ ಅಪಸ್ಮಾರನು ಸತ್ತಿರುವುದಿಲ್ಲ, ತುಳಿತದಲ್ಲಿರುತ್ತಾನೆ. ಪಾದವನ್ನು ಎತ್ತಿದರೆ ಅವನು ಮತ್ತೆ ಏಳಬಹುದು.

ಇನ್ನು ತೊಂದರೆಗಳ ವಿಚಾರ. ಇವನ್ನು ಮೂರು ಬಗೆಯಾಗಿ ವಿಂಗಡಿಸಿಕೊಂಡರೆ ತಿಳಿವಳಿಕೆ ಸುಲಭವಾಗುತ್ತದೆ.

ಮೊದಲನೆಯವು, ಅಳತೆಯನ್ನು ಅನುಸರಿಸಿ ಬರುವಂಥವು. ತೂಕಡಿಕೆ, ತಲೆ ತಿರುಗುವುದು, ಒಂದು ವಸ್ತು ಎರಡಾಗಿ ಕಾಣುವುದು, ನಡಿಗೆಯಲ್ಲಿ ತಡವರಿಕೆ, ಕೈನಡುಕ ಇವು ಈ ಜಾತಿಯವು. ಔಷಧವನ್ನು ಹೊಸದಾಗಿ ಆರಂಭಿಸಿದಾಗ ಇವುಗಳಲ್ಲಿ ಕೆಲವು ತಲೆದೋರಿ, ಕೆಲವು ವಾರಗಳಲ್ಲಿ ತಾವಾಗಿ ಇಳಿಯುತ್ತವೆ. ಇಳಿಯದಿದ್ದರೆ ವೈದ್ಯರು ಅಳತೆಯನ್ನು ಕಡಮೆಮಾಡಬಹುದು, ಹೊತ್ತನ್ನು ಬದಲಾಯಿಸಬಹುದು, ಬೇರೆ ಔಷಧವನ್ನು ಕೊಡಬಹುದು.

ಎರಡನೆಯವು, ಕಾಲಕ್ರಮದಲ್ಲಿ ಮೆಲ್ಲನೆ ಕಾಣಿಸಿಕೊಳ್ಳುವಂಥವು. ಫೆನಿಟಾಯಿನಿನಿಂದ ವಸಡು ಉಬ್ಬುವುದು, ಮುಖದ ಮೇಲೆ ಕೂದಲು ಬೆಳೆಯುವುದು. ವಾಲ್ಪ್ರೋಯೇಟಿನಿಂದ ಮೈ ತೂಕವೇರುವುದು, ತಲೆಗೂದಲು ಉದುರುವುದು. ಫಿನೋಬಾರ್ಬಿಟಾಲಿನಿಂದ ಮಕ್ಕಳಲ್ಲಿ ಹಟ, ಚಡಪಡಿಕೆ. ಹಳೆಯ ಔಷಧಗಳಲ್ಲಿ ಹಲವನ್ನು ಬಹುಕಾಲ ಸೇವಿಸಿದರೆ ಎಲುಬು ಬಲಗುಂದುವುದು. ಲೆವಟಿರಾಸೆಟಂ ಮುಂತಾದುವು ಕೆಲವರಲ್ಲಿ ಮುಂಗೋಪವನ್ನೂ ಖಿನ್ನತೆಯನ್ನೂ ತರುತ್ತವೆ. ಮನೆಯವರು ಇದನ್ನು ಸ್ವಭಾವದೋಷವೆಂದು ತಿಳಿದು ಜಗಳವಾಡುತ್ತಾರೆ. ಸಾಯಬೇಕೆಂಬ ಯೋಚನೆ ಬಂದರೆ ರೋಗಿಯು ನಾಚದೆ ಅದನ್ನು ಕೂಡಲೇ ವೈದ್ಯರಿಗೂ ಆಪ್ತರಿಗೂ ಹೇಳಬೇಕು. ಅದಕ್ಕೆ ಔಷಧವೇ ಕಾರಣವಿರಬಹುದು, ಪರಿಹಾರವೂ ಉಂಟು.

ಮೂರನೆಯವು, ಅಪರೂಪವಾಗಿದ್ದರೂ ಅಪಾಯಕರವಾದುವು. ಕಾರ್ಬಮಜೆಪಿನ್, ಫೆನಿಟಾಯಿನ್, ಲಾಮೋಟ್ರಿಜಿನ್ ಇವುಗಳನ್ನು ಆರಂಭಿಸಿದ ಮೊದಲ ಕೆಲವು ವಾರಗಳಲ್ಲಿ ಮೈಮೇಲೆ ಕೆಂಪು ಗಂಧೆಗಳೆದ್ದರೆ, ಬಾಯಲ್ಲಿ ಹುಣ್ಣಾದರೆ, ಜ್ವರ ಬಂದರೆ, ಮುಂದಿನ ಭೇಟಿಯವರೆಗೆ ಕಾಯದೆ ಆ ದಿನವೇ ವೈದ್ಯರನ್ನು ಕಾಣಬೇಕು. ವಾಲ್ಪ್ರೋಯೇಟನ್ನು ಸೇವಿಸುವವರಲ್ಲಿ ಬಿಡದ ವಾಂತಿಯೂ ಕಣ್ಣು ಹಳದಿಯಾಗುವುದೂ ಅಂಥವೇ ಸೂಚನೆಗಳು.

ಸ್ತ್ರೀಯರ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಗರ್ಭಕಾಲದಲ್ಲಿ ವಾಲ್ಪ್ರೋಯೇಟನ್ನು ಸೇವಿಸಿದ ತಾಯಂದಿರ ಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತು ಮಕ್ಕಳಿಗೆ ಅಂಗವೈಕಲ್ಯವಿರುತ್ತದೆ. ಇನ್ನೂ ಹೆಚ್ಚಿನ ಮಕ್ಕಳಿಗೆ ಬುದ್ಧಿಯ ಬೆಳವಣಿಗೆಯಲ್ಲಿ ಕುಂದು ಬರುತ್ತದೆ. ಆದುದರಿಂದ ಮದುವೆಯ ಮಾತು ಹುಟ್ಟಿದಾಗಲೇ, ಗರ್ಭ ನಿಲ್ಲುವುದಕ್ಕೆ ಬಹಳ ಮುಂಚಿತವಾಗಿ, ವೈದ್ಯರೊಡನೆ ಆಲೋಚಿಸಿ ತಕ್ಕ ಔಷಧಕ್ಕೆ ಬದಲಾಯಿಸಿಕೊಳ್ಳಬೇಕು. ಗರ್ಭಿಣಿಯಾದಮೇಲೆ ಹೆದರಿ ತಾನಾಗಿ ಔಷಧವನ್ನು ಬಿಟ್ಟರೆ ತಾಯಿಗೂ ಶಿಶುವಿಗೂ ಅಪಾಯ. ಮದುವೆಯ ಕಾಲದಲ್ಲಿ ಡಬ್ಬಿಯನ್ನು ಮರೆಮಾಡುವ ಮನೆಗಳು ಕಳೆದುಕೊಳ್ಳುವುದು ಈ ಮುಂಜಾಗ್ರತೆಯ ಅವಕಾಶವನ್ನೇ.

ಅಳತೆಯ ಸೂಕ್ಷ್ಮವೆಷ್ಟೆಂಬುದಕ್ಕೆ ಫೆನಿಟಾಯಿನ್ ಒಳ್ಳೆಯ ನಿದರ್ಶನ. ಸೊರಬದ ಸೀಮೆಯು ಕೆರೆಗಳ ಸೀಮೆ. ಅಲ್ಲಿಯ ರೈತನಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕೆರೆಗೆ ಬರುವ ನೀರು ತೂಬಿನಿಂದ ಹೊರಗೆ ಹೋಗುವಷ್ಟೇ ಇದ್ದರೆ ನೀರಿನ ಮಟ್ಟವು ಒಂದೇ ಸಮನಾಗಿರುತ್ತದೆ. ತೂಬಿನ ಶಕ್ತಿ ಮುಗಿದಮೇಲೆ ಹಳ್ಳದಲ್ಲಿ ಸ್ವಲ್ಪವೇ ಹೆಚ್ಚು ನೀರು ಬಂದರೂ ಕೆರೆ ಏರುತ್ತಲೇ ಹೋಗುತ್ತದೆ. ನಮ್ಮ ಯಕೃತ್ತೇ ಆ ತೂಬು. ಫೆನಿಟಾಯಿನನ್ನು ಕರಗಿಸಿ ಹೊರಹಾಕುವ ಅದರ ಶಕ್ತಿಗೆ ಒಂದು ಮಿತಿಯುಂಟು. ಆ ಮಿತಿಯನ್ನು ಮುಟ್ಟಿದಮೇಲೆ ಸ್ವಲ್ಪ ಅಳತೆ ಹೆಚ್ಚಿದರೂ ರಕ್ತದಲ್ಲಿ ಔಷಧವು ಬಹಳವಾಗಿ ಏರುತ್ತದೆ. ನಿನ್ನೆ ಸರಿಯಾಗಿ ನಡೆಯುತ್ತಿದ್ದವನು ಕುಡಿದವನಂತೆ ತೂರಾಡುತ್ತಾನೆ.

1968ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿ ಅನೇಕ ರೋಗಿಗಳಿಗೆ ಹೀಗೆಯೇ ಆಯಿತು. ಅವರು ನುಂಗುತ್ತಿದ್ದ ಫೆನಿಟಾಯಿನಿನ ಅಳತೆಯು ಬದಲಾಗಿರಲಿಲ್ಲ. ವಿಚಾರಿಸಲಾಗಿ, ಗುಳಿಗೆಯನ್ನು ತುಂಬಲು ಔಷಧದೊಡನೆ ಬೆರೆಸುತ್ತಿದ್ದ ಕ್ಯಾಲ್ಸಿಯಂ ಸಲ್ಫೇಟಿಗೆ ಬದಲಾಗಿ ಹಾಲಿನ ಸಕ್ಕರೆಯನ್ನು ಬೆರೆಸಿದ್ದರೆಂದು ತಿಳಿದುಬಂದಿತು. ಅದರಿಂದ ಔಷಧವು ದೇಹದಲ್ಲಿ ಹೆಚ್ಚಾಗಿ ಹೀರಿಕೆಯಾಗಿತ್ತು. ಇದರಿಂದ ನಾವು ಕಲಿಯಬೇಕಾದುದು ಇಷ್ಟು: ಅಂಗಡಿಯವನು ಬೇರೆ ತಯಾರಕರ ಗುಳಿಗೆಯನ್ನು ಕೊಟ್ಟರೆ, ಅದನ್ನು ವೈದ್ಯರ ಗಮನಕ್ಕೆ ತಂದು, ಮೈಯಲ್ಲಾಗುವ ವ್ಯತ್ಯಾಸವನ್ನು ಗುರುತುಮಾಡಿಟ್ಟುಕೊಳ್ಳಬೇಕು. ಬೇರೆ ಕಾಯಿಲೆಗೆ ಔಷಧ ಪಡೆಯುವಾಗಲೂ, ಗರ್ಭನಿರೋಧದ ಗುಳಿಗೆಯನ್ನು ಕೇಳುವಾಗಲೂ ತಾನು ಸೇವಿಸುತ್ತಿರುವುದನ್ನು ಹೇಳಬೇಕು. ಒಂದು ಔಷಧವು ಇನ್ನೊಂದರ ಬಲವನ್ನು ಏರಿಸುವುದೂ ಇಳಿಸುವುದೂ ಉಂಟು.

ತೊಂದರೆಯಾಯಿತೆಂದು ಔಷಧವನ್ನು ಥಟ್ಟನೆ ನಿಲ್ಲಿಸಿದರೆ ಬರುವ ವಿಪತ್ತು ಇದಕ್ಕಿಂತ ದೊಡ್ಡದು. ಅಡಗಿದ್ದ ಸೆಳವು ಮರಳಿ ಬರುವುದಲ್ಲದೆ, ಕೆಲವು ವೇಳೆ ಒಂದು ನಿಲ್ಲುವ ಮೊದಲೇ ಇನ್ನೊಂದು ಬಂದು ಪ್ರಾಣಕ್ಕೇ ಅಪಾಯವಾಗುತ್ತದೆ. ಎರಡು ವರ್ಷಗಳಿಗೆ ಕಡಮೆಯಿಲ್ಲದೆ ಸೆಳವಿಲ್ಲದಿದ್ದರೆ, ಔಷಧವನ್ನು ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಇಳಿಸಬಹುದೇ ಎಂಬುದನ್ನು ವೈದ್ಯರು ಯೋಚಿಸುತ್ತಾರೆ. ಕೆಲವು ಬಗೆಯ ಅಪಸ್ಮಾರದಲ್ಲಿ ಬಹುಕಾಲ ಬಿಡಲಾಗದು.

ನಮ್ಮ ನಾಡಿಗೇ ವಿಶೇಷವೆನ್ನಬಹುದಾದ ಒಂದು ಬಗೆಯನ್ನು ಇಲ್ಲಿ ಹೇಳದೆ ಇರಲಾರೆ. ಹಂಡೆಯಲ್ಲಿ ಕಾಯಿಸಿದ ಬಿಸಿನೀರನ್ನು ಚೊಂಬಿನಿಂದ ಬೇಗಬೇಗನೆ ತಲೆಯ ಮೇಲೆ ಸುರಿದುಕೊಂಡಾಗ ಕೆಲವರಿಗೆ ಸೆಳವು ಬರುತ್ತದೆ. ಬೆಂಗಳೂರಿನ ಡಾಕ್ಟರ್ ಕೆ. ಎಸ್. ಮಣಿಯವರೂ ಅವರ ಸಹೋದ್ಯೋಗಿಗಳೂ 1968ರಲ್ಲಿ ಈ ಬಿಸಿನೀರಿನ ಅಪಸ್ಮಾರವನ್ನು ವರ್ಣಿಸಿದರು. 1988ರಲ್ಲಿ ನಿಮ್ಹಾನ್ಸ್‌ನ ಡಾಕ್ಟರ್ ಸತೀಶ್ಚಂದ್ರ ಮುಂತಾದವರು ಇಂಥ 279 ರೋಗಿಗಳ ವಿವರವನ್ನು ಪ್ರಕಟಿಸಿದರು. ದಕ್ಷಿಣ ಕರ್ನಾಟಕದಲ್ಲಿ ಕಂಡುಬಂದಷ್ಟು ಇದು ಲೋಕದ ಬೇರೆಡೆಯಲ್ಲಿ ವಿರಳ. ಇಂಥವರಿಗೆ ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡು, ತಲೆಯ ಮೇಲೆ ಸುರಿಯದೆ ಒದ್ದೆಬಟ್ಟೆಯಿಂದ ಒರೆಸಿಕೊಳ್ಳುವುದೇ ಅನೇಕ ವೇಳೆ ಸಾಕು. ಸಾಲದಿದ್ದವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆಗಳ ಮೊದಲು ಕ್ಲೋಬಜಾಂ ಎಂಬ ಗುಳಿಗೆಯನ್ನು ಕೊಡುವ ಕ್ರಮವುಂಟು. ಅಭ್ಯಂಜನದ ದಿನ ಮಾತ್ರ ಬರುವ ಸೆಳವನ್ನು ವೈದ್ಯರಿಗೆ ವಿವರಿಸಿದರೆ, ದಿನವೂ ನುಂಗಬೇಕಾದ ಔಷಧವೇ ಕೆಲವರಿಗೆ ತಪ್ಪಬಹುದು. ರೋಗಿಯು ಮಾತನಾಡುವುದರಿಂದಾಗುವ ಲಾಭಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ದಿನಚರಿಯಲ್ಲಿ ನೋಡಿಕೊಳ್ಳಬೇಕಾದ ಕೆಲವು ಸಂಗತಿಗಳನ್ನು ಚಿಕ್ಕದಾಗಿ ಹೇಳುತ್ತೇನೆ. ರಾತ್ರಿಯೆಲ್ಲ ಆಟ ನೋಡುವುದು, ನಿದ್ರೆಗೆಟ್ಟು ಪ್ರಯಾಣ ಮಾಡುವುದು, ಮದ್ಯಪಾನ ಇವು ಸೆಳವನ್ನು ಕರೆಯುತ್ತವೆ. ಏಕಾದಶಿಯೆಂದು ಅನ್ನವನ್ನು ಬಿಟ್ಟರೂ ಗುಳಿಗೆಯನ್ನು ಬಿಡಬಾರದು. ಮಲೆನಾಡಿನ ಮಳೆಗಾಲದಲ್ಲಿ ದಾರಿ ಕಟ್ಟುವುದುಂಟು; ಎರಡು ವಾರಕ್ಕೆ ಸಾಲುವಷ್ಟು ಔಷಧವು ಮನೆಯಲ್ಲಿರಬೇಕು. ಸೆಳವು ಹತೋಟಿಗೆ ಬರುವವರೆಗೆ ಒಬ್ಬರೇ ಕೆರೆಗಿಳಿಯುವುದು, ಮರ ಹತ್ತುವುದು, ವಾಹನ ನಡೆಸುವುದು ಕೂಡದು. ಒಂದು ಪುಸ್ತಕದಲ್ಲಿ ಸೆಳವು ಬಂದ ದಿನ, ಹೊತ್ತು, ತಪ್ಪಿದ ಗುಳಿಗೆ, ಕಂಡ ತೊಂದರೆ ಇವನ್ನು ಬರೆದಿಟ್ಟರೆ ವೈದ್ಯರಿಗೆ ಅದು ಅಮೂಲ್ಯವಾದ ಸಾಕ್ಷ್ಯ.

ಪಕ್ಕದಲ್ಲಿರುವವರ ಕರ್ತವ್ಯವೂ ಸರಳವಾದುದು. ಬಿದ್ದವನ ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದರಿಂದಲೂ ಮೂಗಿಗೆ ಈರುಳ್ಳಿ ಹಿಡಿಯುವುದರಿಂದಲೂ ಪ್ರಯೋಜನವಿಲ್ಲ. ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬಾರದು. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯದನ್ನಿಟ್ಟು, ಮಗ್ಗುಲಾಗಿ ಮಲಗಿಸಿ, ಗಡಿಯಾರವನ್ನು ನೋಡಬೇಕು. ಐದು ನಿಮಿಷಗಳು ಮೀರಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ ಆಸ್ಪತ್ರೆಗೆ ಸಾಗಿಸಬೇಕು.

ನಗರವಾಸಿಗಳಾದ ವಿದ್ಯಾವಂತರಿಗೆ ಈ ವಿಚಾರದಲ್ಲಿ ಒಂದು ಹೊಣೆಯಿದೆ. ಹಳ್ಳಿಯ ಬಂಧುಗಳು ಸಲಹೆ ಕೇಳುವುದು ನಿಮ್ಮನ್ನೇ. ಹಿಂದೂ ವಿವಾಹ ಕಾನೂನಿನಲ್ಲಿ 1976ರ ತಿದ್ದುಪಡಿಯಿಂದ ಅಪಸ್ಮಾರವನ್ನು ಹುಚ್ಚಿನೊಡನೆ ಸೇರಿಸಿ ಮದುವೆಗೆ ಅಡ್ಡಿಯಾಗಿ ಬರೆದಿದ್ದರು. 1999ರಲ್ಲಿ ಆ ಮಾತನ್ನು ತೆಗೆದುಹಾಕಲಾಯಿತು. ಕಾನೂನು ತನ್ನ ಅಕ್ಷರವನ್ನು ತಿದ್ದಿಕೊಂಡಿದೆ. ಮನೆಗಳು ಇನ್ನೂ ತಿದ್ದಿಕೊಳ್ಳಬೇಕಾಗಿದೆ. ಗಂಡಿನ ಕಡೆಯವರಿಗೂ ಹೆಣ್ಣಿನ ಕಡೆಯವರಿಗೂ ಮೊದಲೇ ತಿಳಿಸಿ ಮಾಡಿದ ಸಂಬಂಧದಲ್ಲಿ ಗುಳಿಗೆಯ ಡಬ್ಬಿಯು ಅಕ್ಕಿಯ ಪೆಟ್ಟಿಗೆಯ ಹಿಂದಿನಿಂದ ಗೂಡಿಗೆ ಬರುತ್ತದೆ. ಆ ಒಂದು ಸ್ಥಾನಪಲ್ಲಟದಿಂದ ಎಷ್ಟೋ ಸೆಳವುಗಳು ತಪ್ಪುತ್ತವೆ.

ದುಬಾರಿಯಾದ ಔಷಧವೇ ಬೇಕೆಂದೇನೂ ಇಲ್ಲ. ಇಂದಿನ ಚಾಮರಾಜನಗರ ಜಿಲ್ಲೆಗೆ ಸೇರಿದ ಯಳಂದೂರಿನ ಹಳ್ಳಿಗಳಲ್ಲಿ ಡಾಕ್ಟರ್ ಮಣಿಯವರೂ ಸಂಗಡಿಗರೂ ಫಿನೋಬಾರ್ಬಿಟಾಲ್, ಫೆನಿಟಾಯಿನ್ ಎಂಬ ಎರಡು ಅಗ್ಗದ ಔಷಧಗಳಿಂದಲೇ ವರ್ಷಗಟ್ಟಲೆ ಚಿಕಿತ್ಸೆ ನಡೆಸಿ, 2001ರಲ್ಲಿ ಫಲವನ್ನು ಪ್ರಕಟಿಸಿದರು. ಅನೇಕರಿಗೆ ಸೆಳವು ನಿಂತಿತು. ಹೆಚ್ಚು ಸೆಳವುಗಳು ಬರುವ ಮೊದಲೇ ಚಿಕಿತ್ಸೆಗೆ ಬಂದವರಿಗೆ ಹೆಚ್ಚು ಗುಣ ಕಂಡಿತು. ಬೇಗನೆ ತೋರಿಸಿಕೊಂಡು, ತಪ್ಪದೆ ಸೇವಿಸಿ, ತೊಂದರೆಯಾದರೆ ಹೇಳಿಕೊಂಡರೆ ನಮ್ಮ ಹಳ್ಳಿಗಳಲ್ಲಿಯೂ ಈ ರೋಗವನ್ನು ಅಡಗಿಸಿಡಬಹುದು.

ಚಂದ್ರಹಾಸನು ತನ್ನ ಕೈಯಲ್ಲಿದ್ದ ಪತ್ರದಲ್ಲಿ ಏನಿದೆಯೆಂಬುದನ್ನು ಅರಿಯದೆ ತೋಟದಲ್ಲಿ ಮಲಗಿದ್ದನು. ಅವನ ಪುಣ್ಯದಿಂದ ಅದನ್ನು ಓದುವವರು ಬಂದರು. ನಮ್ಮ ರೋಗಿಗಳು ಅಂಥ ಪುಣ್ಯವನ್ನು ಕಾಯಬೇಕಾದುದಿಲ್ಲ. ತಮ್ಮ ಔಷಧದ ಹೆಸರನ್ನೂ ಅಳತೆಯನ್ನೂ ತಿಳಿದಿರಲಿ. ಮೈಯಲ್ಲಾಗುವುದನ್ನು ವೈದ್ಯರ ಮುಂದೆ ಹೇಳಲಿ. ಆ ಮಾತನ್ನು ಹೇಳಲು ಬೇಕಾದ ಧೈರ್ಯವನ್ನು ನಾವು, ಅವರ ಮನೆಯವರೂ ನೆರೆಯವರೂ, ಕೊಡೋಣ.